ಕಲ್ಯಾಣದ ಮದುಮಗಳನ್ನು ಕೇಳಿದವರು ಯಾರು?

(ಕಲಬುರಗಿಯಲ್ಲಿ ಓದುಗರ ಕೂಟವೊಂದರ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ಶರಣು ಶರಣಾರ್ಥಿ.

ನಮ್ಮ ಕಡೆ ಸಭೆಯಲ್ಲಿ ಮಾತಿಗೆ ನಿಂತವರೆಲ್ಲ ಈ ಪದಗಳನ್ನು ರೂಢಿಯಿಂದ ಹೇಳುತ್ತೇವೆ. ಇಂದು ನಾನು ಬೇಕೆಂದೇ ಹೇಳಿದೆ. ನಾವು ಎರಡು ತಿಂಗಳು ಕೈಯಿಂದ ಕೈಗೆ ದಾಟಿಸಿ ಓದಿದ ಕಾದಂಬರಿಯ ಕಥೆ ಹುಟ್ಟಿದ್ದೇ ಈ ಪದಗಳಿಂದ. ಸಮಗಾರ ಹರಳಯ್ಯ ಕಲ್ಯಾಣದ ಬೀದಿಯಲ್ಲಿ ಬಸವಣ್ಣನವರನ್ನು ಕಂಡು ‘ಶರಣು’ ಎಂದ. ಬಸವಣ್ಣನವರು ‘ಶರಣು ಶರಣಾರ್ಥಿ’ ಎಂದರು. ಕೊಟ್ಟದ್ದು ಒಂದು, ಮರಳಿ ಬಂದದ್ದು ಎರಡು. ಹೆಚ್ಚಾದ ಆ ಒಂದು ಶರಣಿನ ಋಣ ತೀರಿಸುವುದು ಹೇಗೆಂದು ಕೊರಗುತ್ತ ಮನೆಗೆ ಹೋದ ಹರಳಯ್ಯ ತನ್ನ ತೊಡೆಯ ಚರ್ಮವನ್ನೂ ಹೆಂಡತಿ ಕಲ್ಯಾಣಮ್ಮನ ತೊಡೆಯ ಚರ್ಮವನ್ನೂ ತೆಗೆದು ಚಮ್ಮಾವುಗೆ ಹೊಲಿದ. ಬಸವಣ್ಣನವರು ಅವನ್ನು ಮೆಟ್ಟಲಿಲ್ಲ, ತಲೆಯ ಮೇಲಿಟ್ಟುಕೊಂಡು ಮರಳಿ ಕೊಟ್ಟರು. ಹರಳಯ್ಯ ಹಿಂದಿರುಗುವ ದಾರಿಯಲ್ಲಿ ಬ್ರಾಹ್ಮಣ ಮಂತ್ರಿ ಮಧುವರಸ ಎದುರಾದ. ಅವುಗಳ ಚೆಲುವಿಗೆ ಮರುಳಾಗಿ ಕಾಲಿಗೆ ಹಾಕಿಕೊಂಡ. ಮೈಯೆಲ್ಲ ಉರಿ ಎದ್ದಿತು. ಯಾವ ಮದ್ದಿಗೂ ಆರದ ಆ ಉರಿ ಆರಿದ್ದು ಹರಳಯ್ಯನ ಮನೆಯಲ್ಲಿ ಚರ್ಮ ನೆನೆಯಿಡುತ್ತಿದ್ದ ಬಾನಿಯ ನೀರಿನಿಂದ. ಮಧುವರಸ ಶರಣನಾದ. ಮುಂದೆ ಅವನ ಮಗಳನ್ನು ಹರಳಯ್ಯನ ಮಗ ಶೀಲವಂತನಿಗೆ ಕೊಟ್ಟು ಮದುವೆಯಾಯಿತು. ಅರಸ ಬಿಜ್ಜಳ ಆ ಇಬ್ಬರು ತಂದೆಯರ ಕಣ್ಣು ಕೀಳಿಸಿ ಎಳೆಹೂಟೆ ಕಟ್ಟಿಸಿದ, ಎಂದರೆ ಆನೆಯ ಕಾಲಿಗೆ ಕಟ್ಟಿ ಎಳೆಸಿದ. ಕಲ್ಯಾಣ ಹೊತ್ತಿ ಉರಿಯಿತು.

ಇದು ಪುರಾಣಗಳೂ ಜನರ ಬಾಯಿಯೂ ಸೇರಿ ಎಂಟುನೂರು ವರ್ಷ ಕಟ್ಟುತ್ತ ಬಂದ ಕಥೆ. ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಆದರೂ ಇಷ್ಟು ಉದ್ದಕ್ಕೆ ಹೇಳಿದೆ, ಏಕೆಂದರೆ ಆ ಬಾನಿಯ ನೀರಿಗೆ ನಾನು ಮತ್ತೆ ಬರಬೇಕಾಗಿದೆ.

ಕಾದಂಬರಿಯನ್ನು ವಿಮರ್ಶಿಸುವ ಕೆಲಸವನ್ನು ನನಗೆ ಒಪ್ಪಿಸಿಲ್ಲ. ಓದಿದವರು ಏನೆಂದರು ಎಂಬುದನ್ನು ಸಭೆಗೆ ತಿಳಿಸಿ ಎಂದಿದ್ದಾರೆ. ಒಂದು ರಟ್ಟಿನ ಪೆಟ್ಟಿಗೆ ತುಂಬ ಚೀಟಿಗಳನ್ನು ತಂದುಕೊಟ್ಟರು. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳಿಗೆ ಕಂಡವರ ಕೈಬರಹ ಓದುವುದು ಕಷ್ಟವೇನಲ್ಲ. ಚೀಟಿಗಳಿಗಿಂತ ಹೆಚ್ಚು ನನ್ನನ್ನು ಹಿಡಿದು ಕೂರಿಸಿದ್ದು ವಾಚನಾಲಯದ ಪ್ರತಿ. ಅದರ ಅಂಚುಗಳಲ್ಲಿ ನಾಲ್ಕಾರು ಜನ ಬರೆದಿದ್ದಾರೆ. ಕೆರೆಯ ಮೆಟ್ಟಿಲ ಪ್ರಸಂಗ ಬರುವ ಪುಟದಲ್ಲಿ ನೀಲಿ ಶಾಯಿಯಲ್ಲಿ ‘ಸುಳ್ಳು’ ಎಂದಿದೆ, ಕೆಳಗೆ ಎರಡು ಗೆರೆ. ಅದರ ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ ಇನ್ನೊಬ್ಬರು, ‘ನೀವು ಆಗ ಅಲ್ಲಿದ್ದಿರಾ?’ ಗ್ರಂಥಾಲಯದ ಪುಸ್ತಕದಲ್ಲಿ ಬರೆಯಬಾರದು ಎಂದು ಮಕ್ಕಳಿಗೆ ಎಷ್ಟೋ ವರ್ಷ ಹೇಳಿದವಳು ನಾನು. ಈ ಒಂದು ಪ್ರತಿಯ ಮಟ್ಟಿಗೆ ಬರೆದವರೆಲ್ಲರಿಗೂ ಕೃತಜ್ಞಳಾಗಿದ್ದೇನೆ.

ಆ ಪ್ರಸಂಗ ನಿಮಗೆ ನೆನಪಿದೆ. ತ್ರಿಪುರಾಂತಕ ಕೆರೆಯ ಮೆಟ್ಟಿಲಲ್ಲಿ ಮಧುವರಸನ ಮಗಳ ಚಪ್ಪಲಿಯ ಉಂಗುಟದ ಪಟ್ಟಿ ಕಿತ್ತುಹೋಗುತ್ತದೆ. ಶೀಲವಂತ ಅಲ್ಲೇ ಕುಳಿತು ಹೊಲಿದು ಕೊಡುತ್ತಾನೆ. ಇಬ್ಬರ ಕಣ್ಣು ಕೂಡುತ್ತವೆ. ಮುಂದಿನದೆಲ್ಲ ಆ ನೋಟದಿಂದ ಬೆಳೆಯುತ್ತದೆ.

ಚೀಟಿಗಳಲ್ಲಿ ಹೆಚ್ಚಿನ ಜಗಳ ಇದರ ಮೇಲೆಯೇ. ಶರಣ ಸಾಹಿತ್ಯವನ್ನು ಬದುಕಿನುದ್ದಕ್ಕೂ ಓದಿದ ಹಿರಿಯರೊಬ್ಬರು ಬರೆದಿದ್ದಾರೆ: ‘ತತ್ತ್ವಕ್ಕಾಗಿ ನಡೆದ ಮದುವೆಯನ್ನು ಕೆರೆಯ ದಂಡೆಯ ಪ್ರೇಮವಾಗಿ ಮಾಡಿದ್ದಾರೆ. ಹರಳಯ್ಯ, ಮಧುವರಸರು ಪ್ರಾಣ ಕೊಟ್ಟದ್ದು ಹುಡುಗ ಹುಡುಗಿಯ ಮೋಹಕ್ಕಲ್ಲ.’ ಅವರ ಇನ್ನೊಂದು ಮಾತು ಇನ್ನೂ ಗಟ್ಟಿಯಾದದ್ದು. ಲಿಂಗ ಕಟ್ಟಿದ ಮೇಲೆ ಕುಲವಿಲ್ಲ, ಆದ್ದರಿಂದ ಶರಣರ ಕಣ್ಣಿನಲ್ಲಿ ಅದು ಎರಡು ಶರಣ ಮನೆಗಳ ನಡುವಿನ ಸಂಬಂಧ. ಅದನ್ನು ನಿಷಿದ್ಧ ಪ್ರೇಮ ಎಂದು ಕರೆದ ಕ್ಷಣದಲ್ಲೇ ಕಾದಂಬರಿಕಾರರು ಬಿಜ್ಜಳನ ಆಸ್ಥಾನದ ಪಕ್ಷ ಸೇರಿದರು ಎನ್ನುತ್ತಾರೆ ಅವರು. ಈ ಮಾತನ್ನು ನಾನು ಬಹಳ ಹೊತ್ತು ಮನಸ್ಸಿನಲ್ಲಿಟ್ಟುಕೊಂಡೆ. ಹಗುರವಾಗಿ ತಳ್ಳಿಹಾಕುವ ಮಾತಲ್ಲ ಅದು.

ಡಿಗ್ರಿ ಕಾಲೇಜಿನ ಹುಡುಗಿಯೊಬ್ಬಳ ಚೀಟಿ ಇದಕ್ಕೆ ತದ್ವಿರುದ್ಧ. ‘ಪ್ರೀತಿ ಇಲ್ಲದಿದ್ದರೆ ಆ ಹುಡುಗಿ ಬರಿಯ ಉದಾಹರಣೆಯಾಗುತ್ತಾಳೆ. ದೊಡ್ಡವರು ಜಾತಿ ಬಿಟ್ಟಿದ್ದನ್ನು ತೋರಿಸಲು ಮಗಳನ್ನು ಕೊಟ್ಟಂತಾಗುತ್ತದೆ.’ ಚೀಟಿಯ ಹಿಂಬದಿಯಲ್ಲಿ ಇಷ್ಟನ್ನೇ ಮತ್ತೊಮ್ಮೆ, ದಪ್ಪಗೆ ತಿದ್ದಿ ಬರೆದಿದ್ದಾಳೆ.

ಹಿರಿಯರು ಹೇಳಿದ್ದು ಚರಿತ್ರೆ, ಹುಡುಗಿ ಹೇಳಿದ್ದು ಭಾವುಕತೆ ಎಂದು ಯಾರಿಗಾದರೂ ಅನ್ನಿಸಿದರೆ ಒಂದು ಕ್ಷಣ ತಡೆಯಿರಿ. ಈ ಮದುವೆಯನ್ನು ಹೇಳುವ ಸಮಕಾಲೀನ ಶಾಸನ ನಮ್ಮ ಮುಂದಿಲ್ಲ. ಹದಿಮೂರನೆಯ ಶತಮಾನದ ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಲ್ಲಿ ಬಿಜ್ಜಳ ಇಬ್ಬರು ಭಕ್ತರ ಕಣ್ಣು ಕೀಳಿಸಿದ ಪ್ರಸಂಗವಿದೆ. ಭೀಮಕವಿ ಅದನ್ನು 1369ರಲ್ಲಿ ಕನ್ನಡಕ್ಕೆ ತಂದ. ವಿರೂಪಾಕ್ಷ ಪಂಡಿತನ ಚೆನ್ನಬಸವಪುರಾಣ 1584ರದು. ಬಿಜ್ಜಳ ಸತ್ತದ್ದು 1167ರ ಸುಮಾರಿಗೆ. ಅಂದರೆ ಕಥೆ ನಮ್ಮವರೆಗೆ ಬಂದದ್ದು ಭಕ್ತಿಯಿಂದ ಬರೆದ ಕವಿಗಳ ಕೈದಾಟಿ, ಶತಮಾನಗಳು ಕಳೆದ ಮೇಲೆ. ಆ ಕವಿಗಳಿಗೆ ಬೇಕಾಗಿದ್ದವರು ಹರಳಯ್ಯ, ಮಧುವರಸ. ಇಬ್ಬರೂ ತಂದೆಯರು. ಕೆಲವು ಕಥನಗಳಲ್ಲಿ ಎಳೆಹೂಟೆಗೆ ಮದುಮಗನೂ ಹೋಗುತ್ತಾನೆ. ಮದುಮಗಳು? ನಾನು ಓದಿದವುಗಳಲ್ಲಿ ಅಕ್ಷತೆ ಬಿದ್ದ ಮೇಲೆ ಅವಳು ಕಣ್ಮರೆಯಾಗುತ್ತಾಳೆ.

ಅವಳ ಹೆಸರಾದರೂ ನಿಂತಿದೆಯೇ ನೋಡಿ. ಜನ ಲಾವಣ್ಯ, ಲಾವಣ್ಯವತಿ ಎನ್ನುತ್ತಾರೆ. ಗಿರೀಶ ಕಾರ್ನಾಡರ ‘ತಲೆದಂಡ’ದಲ್ಲಿ ಅವಳು ಕಲಾವತಿ. ಪಿ. ಲಂಕೇಶರ ‘ಸಂಕ್ರಾಂತಿ’ಯಲ್ಲಿ ಕಥೆಯೇ ಬೇರೆ ರೂಪ ತಾಳುತ್ತದೆ, ಬ್ರಾಹ್ಮಣ ಹುಡುಗಿ ಉಷಾ, ಅವಳು ಒಲಿದ ಹುಡುಗ ರುದ್ರ. ಹರಳಯ್ಯನ ಹೆಸರನ್ನು ಹೀಗೆ ಬದಲಾಯಿಸಿದರೆ ನಾವು ಸುಮ್ಮನಿರುವುದಿಲ್ಲ. ಹನ್ನೆರಡನೆಯ ಶತಮಾನದ ಮೂವತ್ತಕ್ಕೂ ಹೆಚ್ಚು ಶರಣೆಯರ ವಚನಗಳು ನಮಗೆ ಉಳಿದಿವೆ. ಆಯ್ದಕ್ಕಿ ಲಕ್ಕಮ್ಮ ಗಂಡನನ್ನೇ ತರಾಟೆಗೆ ತೆಗೆದುಕೊಳ್ಳುತ್ತಾಳೆ. ಸೂಳೆ ಸಂಕವ್ವೆ ತನ್ನ ಕಸುಬಿನ ಮಾತಿನಲ್ಲೇ ದೇವರೊಂದಿಗೆ ಮಾತಾಡುತ್ತಾಳೆ. ಯಾರ ಮದುವೆಯಿಂದ ಕಲ್ಯಾಣ ಅಲ್ಲಾಡಿತೋ ಆ ಹುಡುಗಿಯದೊಂದು ಸಾಲೂ ನಮಗೆ ಬಂದಿಲ್ಲ.

ಹುಮನಾಬಾದ್ ತಾಲ್ಲೂಕಿನ ಜಲಸಂಗಿಗೆ ನೀವು ಹೋಗಿರಬಹುದು. ಕಲ್ಮೇಶ್ವರ ಗುಡಿಯ ಹೊರಗೋಡೆಯಲ್ಲಿ ಬೆನ್ನು ತಿರುಗಿಸಿ, ಸೊಂಟ ಬಳುಕಿಸಿ ನಿಂತು ಶಾಸನ ಬರೆಯುತ್ತಿರುವ ಹೆಣ್ಣಿನ ಶಿಲ್ಪವಿದೆ. ಶಾಸನ ಸುಂದರಿ ಎನ್ನುತ್ತೇವೆ. ನನ್ನ ಮಕ್ಕಳನ್ನು, ಎಂದರೆ ನನ್ನ ವಿದ್ಯಾರ್ಥಿಗಳನ್ನು, ಎಷ್ಟೋ ಸಲ ಅಲ್ಲಿಗೆ ಕರೆದೊಯ್ದಿದ್ದೇನೆ. ಸಾವಿರ ವರ್ಷದ ಹತ್ತಿರದ ಹಿಂದೆ ನಮ್ಮ ನೆಲದಲ್ಲಿ ಹೆಣ್ಣಿನ ಕೈಯಲ್ಲಿ ಬರೆಯುವ ಸಲಕರಣೆ ಕೆತ್ತಿದರಲ್ಲ ಎಂದು ಹೆಮ್ಮೆಯಿಂದ ಹೇಳುತ್ತಿದ್ದೆ. ಒಂದು ವರ್ಷ ಎಂಟನೆಯ ತರಗತಿಯ ಹುಡುಗಿಯೊಬ್ಬಳು ‘ಅವಳು ಏನು ಬರೆದಿದ್ದಾಳೆ, ಟೀಚರ್?’ ಎಂದು ಕೇಳಿದಳು. ಚಾಲುಕ್ಯ ವಿಕ್ರಮಾದಿತ್ಯನ ಹೊಗಳಿಕೆ ಎಂದೆ. ‘ತನ್ನ ಬಗ್ಗೆ?’ ಎಂದಳು. ನನ್ನ ಬಳಿ ಉತ್ತರವಿರಲಿಲ್ಲ. ಈ ಕಾದಂಬರಿ ಓದುವಾಗಲೆಲ್ಲ ಆ ಪ್ರಶ್ನೆ ನನ್ನ ಕಿವಿಯಲ್ಲಿತ್ತು.

ಅದೇ ವಿಕ್ರಮಾದಿತ್ಯನ ಕಾಲದಲ್ಲಿ, 1076ರಿಂದ 1126ರವರೆಗೆ ಆಳಿದ ಆ ಅರಸನ ಕಲ್ಯಾಣದಲ್ಲಿ, ಇಬ್ಬರು ವಿದ್ವಾಂಸರಿದ್ದರು. ವಿಜ್ಞಾನೇಶ್ವರ ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನ ಬರೆದ. ಕಲ್ಯಾಣದಂಥ ಪಟ್ಟಣ ಹಿಂದೆ ಇರಲಿಲ್ಲ, ಈಗಿಲ್ಲ, ಮುಂದೆಯೂ ಇರದು ಎಂದು ಕೊನೆಯಲ್ಲಿ ಊರನ್ನು ಕೊಂಡಾಡಿದ. ನಮ್ಮ ಕಲಬುರಗಿ ಜಿಲ್ಲೆಯ ಮರತೂರು ಅವನನ್ನು ತನ್ನ ಮಗನೆಂದು ಹೆಮ್ಮೆಪಡುತ್ತದೆ. ಆ ಸ್ಮೃತಿಯಲ್ಲಿ ಮೇಲಿನ ವರ್ಣದ ಹೆಣ್ಣು ಕೆಳಗಿನ ವರ್ಣದ ಗಂಡನ್ನು ಕೂಡುವುದು ಪ್ರತಿಲೋಮ. ಅದರಲ್ಲಿ ಹುಟ್ಟಿದವರು ಹೀನರು. ಈ ಲೆಕ್ಕದ ಪ್ರಕಾರ ಮಧುವರಸನ ಮಗಳ ಮದುವೆಗಿಂತ ಕೆಟ್ಟ ಮದುವೆ ಇರಲಾರದು. ಆ ವ್ಯಾಖ್ಯಾನ ಬರೆದ ಊರಿನಲ್ಲೇ, ಒಂದು ಶತಮಾನವೂ ಪೂರ್ತಿ ತುಂಬುವ ಮೊದಲು, ಆ ಮದುವೆ ನಡೆಯಿತು ಎನ್ನುತ್ತದೆ ಪರಂಪರೆ. ಕಾದಂಬರಿಕಾರರು ಇದನ್ನು ಒಂದೇ ವಾಕ್ಯದಲ್ಲಿ ದಾಟಿಬಿಟ್ಟದ್ದು ನನಗೆ ದೊಡ್ಡ ನಷ್ಟವಾಗಿ ಕಂಡಿತು. ಬಿಜ್ಜಳನ ಸಿಟ್ಟಿನ ಹಿಂದೆ ಒಬ್ಬ ಮನುಷ್ಯನ ಕ್ರೌರ್ಯವಷ್ಟೇ ಇರಲಿಲ್ಲ, ಕಲಿತವರು ಒಪ್ಪಿ ಬರೆದಿಟ್ಟ ಗ್ರಂಥವಿತ್ತು.

ಇನ್ನೊಬ್ಬ ವಿದ್ವಾಂಸ ಬಿಲ್ಹಣ. ಕಾಶ್ಮೀರದಿಂದ ಬಂದು ಆ ಆಸ್ಥಾನದಲ್ಲಿ ವಿದ್ಯಾಪತಿಯಾದವನು. ಅವನ ಹೆಸರಿನಲ್ಲಿ ಐವತ್ತು ಪದ್ಯಗಳ ಚೌರಪಂಚಾಶಿಕಾ ಇದೆ. ರಾಜಕುಮಾರಿಗೆ ಪಾಠ ಹೇಳಲು ಹೋದ ಕವಿ ಅವಳನ್ನೇ ಪ್ರೀತಿಸಿದ, ರಾಜ ಮರಣದಂಡನೆ ವಿಧಿಸಿದ, ವಧಾಸ್ಥಾನಕ್ಕೆ ಹೋಗುವಾಗ ಅವಳನ್ನು ನೆನೆದು ‘ಇಂದಿಗೂ’ ಎಂದು ಆರಂಭಿಸಿ ಒಂದೊಂದೇ ಪದ್ಯ ಹೇಳಿದ, ರಾಜನ ಮನ ಕರಗಿ ಮಗಳನ್ನೇ ಕೊಟ್ಟ ಎಂಬುದು ದಂತಕಥೆ. ದಂತಕಥೆ ಅದನ್ನು ಬೇರೆ ಅರಸರ ಊರುಗಳಲ್ಲಿ ನಡೆಸುತ್ತದೆ, ಕಲ್ಯಾಣದಲ್ಲಿ ಅಲ್ಲ. ನಮ್ಮ ಓದುಗರೊಬ್ಬರು ಚೀಟಿಯಲ್ಲಿ ಇದನ್ನು ನೆನೆಸಿಕೊಂಡು, ‘ಅಲ್ಲಿ ಕ್ಷಮೆ, ಇಲ್ಲಿ ಆನೆಯ ಕಾಲು, ಏಕೆ?’ ಎಂದು ಕೇಳಿದ್ದಾರೆ. ಉತ್ತರ ಅವರಿಗೂ ಗೊತ್ತಿದೆ. ಕವಿ ಬ್ರಾಹ್ಮಣ. ಅವನ ಕೈಯಲ್ಲಿದ್ದದ್ದು ಪದ್ಯ, ಅರಸ ಕುಳಿತು ಕೇಳಬಲ್ಲಂಥದ್ದು. ಶೀಲವಂತನ ಕೈಯಲ್ಲಿದ್ದದ್ದು ಉಳಿ. ನಾನು ಸೇರಿಸುವುದು ಇಷ್ಟೇ: ಆ ಐವತ್ತು ಪದ್ಯಗಳಲ್ಲಿಯೂ ನೋಡುವವನು ಅವನೇ, ನೆನೆಯುವವನು ಅವನೇ.

ಉಳಿಯ ಮಾತು ಬಂತು. ಈ ಪೆಟ್ಟಿಗೆಯಲ್ಲಿ ನನಗೆ ಸಿಕ್ಕ ಅತ್ಯಂತ ಬೆಲೆಯುಳ್ಳ ಚೀಟಿಯನ್ನು ಈಗ ಓದುತ್ತೇನೆ. ಬರೆದವರು ಇಲ್ಲಿದ್ದಾರೆ, ಹೆಸರು ಬೇಡ ಎಂದಿದ್ದಾರೆ. ತಂದೆ, ಅಜ್ಜ ಎಲ್ಲರೂ ಚಪ್ಪಲಿ ಹೊಲಿದವರು, ಇವರು ಬ್ಯಾಂಕಿನಲ್ಲಿ ಕೆಲಸಕ್ಕಿದ್ದಾರೆ. ‘ಕೆರೆಯ ಮೆಟ್ಟಿಲ ಮೇಲೆ ಶೀಲವಂತ ಉಂಗುಟದ ಪಟ್ಟಿ ಹೊಲಿಯುತ್ತಾನೆ. ಒಂದು ಸಾಲಿನಲ್ಲಿ ಹೊಲಿದು ಮುಗಿಯುತ್ತದೆ. ಹಾಗೆ ಆಗುವುದಿಲ್ಲ. ಒಣಗಿದ ಚರ್ಮವನ್ನು ಮೊದಲು ನೀರಿನಲ್ಲಿ ಮೆತ್ತಗೆ ಮಾಡಬೇಕು. ದಾರಕ್ಕೆ ಮೇಣ ತೀಡಬೇಕು. ಉಳಿ ಚುಚ್ಚುವಾಗ ಎಡಗೈ ಹೆಬ್ಬೆರಳು ಹಿಂದೆ ಇರುತ್ತದೆ, ಎಷ್ಟೋ ಸಲ ಅದಕ್ಕೇ ತಾಗುತ್ತದೆ. ನಮ್ಮ ಅಜ್ಜನ ಹೆಬ್ಬೆರಳು ಕಲ್ಲಿನಂತಿತ್ತು. ಕಾದಂಬರಿಕಾರರು ಆ ಕೈಯನ್ನು ಹತ್ತಿರದಿಂದ ನೋಡಿಲ್ಲ. ಆ ಹುಡುಗಿಯೂ ನೋಡಿಲ್ಲ.’

ಆ ಹುಡುಗಿಯೂ ನೋಡಿಲ್ಲ. ಈ ಮೂರು ಪದಗಳ ಬಲದಿಂದ ನಾನು ಆ ಪ್ರಸಂಗವನ್ನು ಮರಳಿ ಓದಿದೆ. ನಿಜ. ಎರಡು ಪುಟಗಳಲ್ಲಿ ಅವಳ ಕಣ್ಣು, ಜಡೆ, ಕೆಂಪೇರಿದ ಕೆನ್ನೆ ಎಲ್ಲ ಇವೆ. ಅವನ ವಿಶಾಲವಾದ ಎದೆ ಇದೆ. ಅವನ ಹೆಬ್ಬೆರಳಿಲ್ಲ. ಚರ್ಮದ ವಾಸನೆ ಇಲ್ಲ. ಹುಟ್ಟಿದಾಗಿನಿಂದ ಮಡಿಯಲ್ಲಿ ಬೆಳೆದ ಹುಡುಗಿಗೆ ಆ ವಾಸನೆ ಮೂಗಿಗೆ ಬಡಿದಾಗ ಏನಾಯಿತು? ಹಿಂದೆ ಸರಿದಳೇ? ಸರಿದದ್ದಕ್ಕೆ ನಾಚಿದಳೇ? ಮರುದಿನ ಮತ್ತೆ ಬಂದಳೇ? ಆ ಮರುದಿನವೇ ಪ್ರೀತಿಯ ಮೊದಲ ದಿನ ಎಂದು ನನಗೆ ಅನ್ನಿಸುತ್ತದೆ.

ಈಗ ಬಾನಿಯ ನೀರಿಗೆ ಬರುತ್ತೇನೆ. ಪರಂಪರೆ ಮಧುವರಸನನ್ನು ಸುಮ್ಮನೆ ಶರಣನನ್ನಾಗಿ ಮಾಡಲಿಲ್ಲ. ಅವನು ಸುಟ್ಟುಕೊಳ್ಳಬೇಕಾಯಿತು. ಹೇಸುತ್ತಿದ್ದ ನೀರೇ ಅವನ ಮೈಮೇಲೆ ಬೀಳಬೇಕಾಯಿತು. ಮೇಲುಜಾತಿಯ ಗಂಡಸೊಬ್ಬ ಆ ಹೊಸ್ತಿಲು ದಾಟಲು ಎಂಥ ಬೇನೆ ತಿನ್ನಬೇಕಾಗುತ್ತದೆ ಎಂಬುದು ಕಥೆ ಕಟ್ಟಿದ ಜನರಿಗೆ ಚೆನ್ನಾಗಿ ತಿಳಿದಿತ್ತು. ಮಗಳಿಗೆ ಮಾತ್ರ ಅಂಥ ದಾರಿಯನ್ನು ಯಾರೂ ಕಟ್ಟಿಕೊಡಲಿಲ್ಲ. ಅಪ್ಪ ಬದಲಾದ, ಆದ್ದರಿಂದ ಮಗಳೂ ಬದಲಾದಳು ಎಂದು ಎಲ್ಲರೂ ತಿಳಿದರು. ದಿನವೂ ಆ ಬಾನಿಯ ಪಕ್ಕದಲ್ಲಿ ಒಲೆ ಹಚ್ಚಬೇಕಾದವಳು ಅವಳು.

ಅದಕ್ಕಾಗಿಯೇ, ಹಿರಿಯರ ಮುಂದೆ ಕೈಮುಗಿದು ಹೇಳುತ್ತೇನೆ, ಕಾದಂಬರಿಯಲ್ಲಿ ಪ್ರೀತಿ ಬಂದದ್ದು ತಪ್ಪಲ್ಲ. ಚರಿತ್ರೆ ಬಾಯಿ ಮುಚ್ಚಿಕೊಂಡ ಜಾಗದಲ್ಲಿ ಕಾದಂಬರಿಗೆ ಮಾತಾಡುವ ಹಕ್ಕಿದೆ. ಕಾಲೇಜಿನ ಹುಡುಗಿಯ ಮುಂದೆಯೂ ಹೇಳುತ್ತೇನೆ, ಈ ಕಾದಂಬರಿಯಲ್ಲಿ ಬಂದ ಪ್ರೀತಿ ಸಾಲದು. ನೋಡಿದ ಕ್ಷಣಕ್ಕೆ ಒಲಿದುಬಿಟ್ಟವಳಿಗೆ ತೀರ್ಮಾನಿಸುವ ಗೋಜೇ ಇಲ್ಲ. ಮೊದಲು ಅಪ್ಪನ ತತ್ತ್ವ ಅವಳನ್ನು ಎತ್ತಿಕೊಂಡು ಹೋಗಿತ್ತು, ಈಗ ಮೋಹ ಎತ್ತಿಕೊಂಡು ಹೋಯಿತು. ಅವಳ ಕಾಲು ನೆಲಕ್ಕೆ ತಾಗಲೇ ಇಲ್ಲ. ಮನೆ ನಡೆಸುವ ತಾಯಿಯೊಬ್ಬರ ಚೀಟಿಯಲ್ಲಿ ಒಂದೇ ಪ್ರಶ್ನೆ ಇದೆ: ‘ಮದುವೆಯ ಹಿಂದಿನ ರಾತ್ರಿ ಅವಳು ಊಟ ಮಾಡಿದಳೇ?’ ನನಗೆ ಬೇಕಾದ ಕಾದಂಬರಿ ಆ ಪ್ರಶ್ನೆಯೊಳಗಿದೆ.

ಸ್ವಂತದ ಒಂದು ಮಾತು ಹೇಳಲು ಅನುಮತಿ ಕೊಡಿ. ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಳು. ಜಾತಿ ಬೇರೆಯಿದ್ದ ಹುಡುಗ. ಎರಡೂ ಮನೆಯಲ್ಲಿ ಒಪ್ಪಿಗೆ ಇಲ್ಲ. 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗುವವರಿದ್ದರು. ಆ ಕಾಯ್ದೆಯಲ್ಲಿ ಮೊದಲು ನೋಟಿಸು ಕೊಡಬೇಕು, ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಅದನ್ನು ಅಂಟಿಸುತ್ತಾರೆ, ಆಕ್ಷೇಪಣೆಗೆ 30 ದಿನ ಕಾಯಬೇಕು. ಆ 30 ದಿನ ಅವಳ ಹೆಸರು ಗೋಡೆಯ ಮೇಲಿತ್ತು. ಹೋಗಿ ಬರುವವರು ಓದುತ್ತಿದ್ದರು. ಅವಳು ಗೆಳತಿಯೊಬ್ಬಳ ಮನೆಯಲ್ಲಿದ್ದಳು. ನನಗೆ ದಿನವೂ ಸಂಜೆ ಫೋನ್ ಮಾಡಿ ‘ಇನ್ನು ಹತ್ತೊಂಬತ್ತು, ಟೀಚರ್’, ‘ಇನ್ನು ಹದಿನೆಂಟು’ ಎನ್ನುತ್ತಿದ್ದಳು.

ಮೂವರು ಸಾಕ್ಷಿಗಳಿರಬೇಕು. ನಾನು ಒಬ್ಬಳಾದೆ. ಕಡತಗಳ ರಾಶಿ, ಪ್ಲಾಸ್ಟಿಕ್ ಕುರ್ಚಿಗಳು, ಕಿರುಗುಡುವ ಫ್ಯಾನು. ಅಕ್ಷತೆಯಿಲ್ಲ, ವಾಲಗವಿಲ್ಲ. ಆದರೆ ಆ ಕಾಯ್ದೆಯಲ್ಲಿ ಇಬ್ಬರೂ ಅಧಿಕಾರಿಯ ಮುಂದೆ, ಸಾಕ್ಷಿಗಳ ಮುಂದೆ, ತಮ್ಮ ಬಾಯಿಯಿಂದಲೇ ಹೇಳಬೇಕು, ಇಂಥವರನ್ನು ನನ್ನ ಪತಿಯಾಗಿ ಸ್ವೀಕರಿಸುತ್ತಿದ್ದೇನೆ ಎಂದು. ಅವಳ ಸರದಿ ಬಂದಾಗ ಅಧಿಕಾರಿ ಪೆನ್ನು ಕೆಳಗಿಟ್ಟರು. ಗುಮಾಸ್ತರು ಟೈಪಿಸುವುದನ್ನು ನಿಲ್ಲಿಸಿದರು. ಎಲ್ಲರೂ ಅವಳು ಮಾತಾಡಲಿ ಎಂದು ಕಾದರು. ಎಂಟನೆಯ ತರಗತಿಯಿಂದ ನೋಡಿದ ಹುಡುಗಿ. ಅವಳ ಮಾತಿಗಾಗಿ ಒಂದು ಕೋಣೆ ಪೂರ್ತಿ ಸುಮ್ಮನಾದದ್ದನ್ನು ನಾನು ಅಂದೇ ಮೊದಲು ಕಂಡೆ. ದನಿ ನಡುಗಲಿಲ್ಲ. ಸಹಿ ಹಾಕುವಾಗ ಮಾತ್ರ ನನ್ನ ಕೈ ನಡುಗಿತು.

ಈ ಹುಡುಗಿಯೇ, ಜಲಸಂಗಿಯಲ್ಲಿ ‘ತನ್ನ ಬಗ್ಗೆ?’ ಎಂದು ಕೇಳಿದವಳು.

ಈಗ ಆ ವಾಚನಾಲಯದ ಪ್ರತಿಯ ಇನ್ನೊಂದು ಪುಟವನ್ನು ತೋರಿಸಿ ಮುಗಿಸುತ್ತೇನೆ. ಮಧುವರಸ ಮಗಳ ಕೋಣೆಗೆ ಬರುವ ಅಧ್ಯಾಯ. ‘ಹರಳಯ್ಯನವರ ಮನೆಗೆ ನಿನ್ನನ್ನು ಕೊಡಲು ಮಾತು ಕೊಟ್ಟಿದ್ದೇನೆ ಮಗಳೇ’ ಎನ್ನುತ್ತಾನೆ. ಅವಳು ತಲೆ ತಗ್ಗಿಸುತ್ತಾಳೆ. ಕಾಲಿನ ಹೆಬ್ಬೆರಳಿನಿಂದ ನೆಲ ಕೆರೆಯುತ್ತಾಳೆ. ಅಪ್ಪ ಅವಳ ತಲೆ ಸವರಿ ಹೋಗುತ್ತಾನೆ. ಅಧ್ಯಾಯ ಅಲ್ಲಿಗೆ ಮುಗಿದು ಅರ್ಧ ಪುಟ ಖಾಲಿಯಿದೆ. ಆ ಖಾಲಿ ಜಾಗದಲ್ಲಿ ಹಸಿರು ಶಾಯಿಯ ಸಣ್ಣ ಅಕ್ಷರಗಳಲ್ಲಿ ಯಾರೋ ಓದುಗರು, ಉದ್ಧರಣ ಚಿಹ್ನೆಗಳನ್ನೂ ಹಾಕಿ, ಕಾದಂಬರಿಯ ಸಾಲೇ ಎಂಬಂತೆ ಬರೆದಿದ್ದಾರೆ:

‘ಅಪ್ಪಾ, ಕುಳಿತುಕೊಳ್ಳಿ. ನನ್ನನ್ನು ಕೇಳಿ. ಹೇಳುತ್ತೇನೆ.’

ಉಳಿದದ್ದನ್ನು ಬರೆದಿಲ್ಲ. ಪ್ರತಿ ಇಲ್ಲೇ ಮೇಜಿನ ಮೇಲಿದೆ, ನೋಡಬಯಸುವವರು ನೋಡಬಹುದು. ಆ ಪುಟದ ಹತ್ತಿರ ಹೊಲಿಗೆ ಬಿಚ್ಚಿದೆ, ಸ್ವಲ್ಪ ಮೆಲ್ಲಗೆ ತಿರುಗಿಸಿ.